ಹೆಬ್ಬಾತಿನ ಮರ, ಕಣಜದ ಗೂಡು ಮತ್ತು ಲೀಲಾ ಟೀಚರ್

ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿರುವ ನಮ್ಮ ಹಲ್ಲಿನ ಡಾಕ್ಟರು ವರ್ಷಕ್ಕೊಮ್ಮೆ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಹಲ್ಲಿಗೆ ಸಂಬಂಧಪಟ್ಟ ಪ್ರಶ್ನೆ ಅದರಲ್ಲಿ ಎರಡೋ ಮೂರೋ. ಮಿಕ್ಕಿದ್ದೆಲ್ಲ ನೀವು ಯಾರು ಎಂಬ ವಿಚಾರಣೆ. 'ಉದ್ಯೋಗ' ಎಂದೊಂದು ಗೆರೆ ಇದೆ. ನಮ್ಮ ಕಡೆಯ ಗಂಡಸರು ಆ ಗೆರೆ ತುಂಬುವುದನ್ನು ನೋಡಬೇಕು. ಜಾಗ ಸಾಲದೆ ಬಾಣದ ಗುರುತು ಹಾಕಿ, ಹಾಳೆಯ ಹಿಂಬದಿಗೆ ಹೋಗಿ, ತಮ್ಮ ಹುದ್ದೆಯನ್ನು ಪೂರ್ತಿ ಮಾಡಿದವರಿದ್ದಾರೆ. ನಾನೂ ಒಮ್ಮೆ ಮಾಡಿದ್ದೇನೆ. ನಮ್ಮ ಪಕ್ಕದ ಬೀದಿಯ ಲೀಲಾ ಮಾತ್ರ ಹನ್ನೊಂದು ವರ್ಷ ಆ ಗೆರೆಯನ್ನು ಖಾಲಿ ಬಿಟ್ಟರು.

ಬರೆಯಲು ಏನೂ ಇರಲಿಲ್ಲವೆಂದಲ್ಲ. ಲೀಲಾ ಗದಗಿನ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಜೀವಶಾಸ್ತ್ರ ಕಲಿಸಿದವರು. 2008ರ ಮಾರ್ಚಿನಲ್ಲಿ ಗಂಡ ನಂಜುಂಡಪ್ಪನವರ ಟೆಲಿಕಾಂ ಕೆಲಸಕ್ಕಾಗಿ, ಹನ್ನೆರಡು ವರ್ಷದ ಮಗಳು ಅಪೇಕ್ಷಾಳ ಕೈ ಹಿಡಿದುಕೊಂಡು ಸ್ಯಾನ್ ಡಿಯಾಗೋಗೆ ಬಂದರು. ಆಕೆಯ ವೀಸಾದ ಮೇಲೆ ಈ ದೇಶದಲ್ಲಿ ಇರಬಹುದಿತ್ತು, ಅಡುಗೆ ಮಾಡಬಹುದಿತ್ತು, ಬೇಕಾದಷ್ಟು ಬೇಸರಪಡಬಹುದಿತ್ತು. ಕೆಲಸ ಮಾತ್ರ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದಾಗ 2016. ಇಲ್ಲಿನ ಶಾಲೆಯಲ್ಲಿ ಕಲಿಸಬೇಕಾದರೆ ಮತ್ತೆ ಕಾಲೇಜು, ಮತ್ತೆ ಪರೀಕ್ಷೆ ಎಂದು ಗೊತ್ತಾದ ಮೇಲೆ ಆಕೆ ಆ ಮಾತನ್ನೇ ಬಿಟ್ಟರು.

ಕ್ಲಾಸಿಲ್ಲದ ಟೀಚರ್ ಸುಮ್ಮನೆ ಕೂರುತ್ತಾರೆಂದು ನೀವು ತಿಳಿದರೆ ನಿಮಗೆ ಟೀಚರುಗಳ ಪರಿಚಯವಿಲ್ಲ. ಕನ್ನಡ ಸಂಘದ ಊಟದಲ್ಲಿ ಕೋಸಂಬರಿಗೆ ಕೈ ಹಾಕಿದವನಿಗೆ ಸೌತೆಕಾಯಿ ಯಾವ ಕುಲದ್ದು, ಕುಂಬಳಕ್ಕೂ ಅದಕ್ಕೂ ಏನು ನಂಟು ಎಂದು ತಿಳಿಸದೆ ಆಕೆ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಗ್ಯಾರೇಜಿನಲ್ಲಿ ಹಲ್ಲಿ ಹೊಕ್ಕಾಗ ನನ್ನ ಹೆಂಡತಿ ರೇಖಾ ಸಹಾಯಕ್ಕೆಂದು ಲೀಲಾಗೆ ಫೋನ್ ಮಾಡಿದಳು. ಲೀಲಾ ಬಂದರು, ಇಪ್ಪತ್ತು ನಿಮಿಷ ಪಾಠ ಹೇಳಿದರು, ಹೋದರು. ಹಲ್ಲಿ ಅಲ್ಲೇ ಇತ್ತು. ಆದರೆ ಅದರ ಬಾಲ ಹೇಗೆ ಮರಳಿ ಬೆಳೆಯುತ್ತದೆಂದು ನಮಗೀಗ ಗೊತ್ತಿತ್ತು.

2018ರ ಬೇಸಿಗೆಯಲ್ಲಿ ಅಪೇಕ್ಷಾ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಪುಟ್ಟ ಅಪಾರ್ಟ್‌ಮೆಂಟ್ ಹಿಡಿದಳು. ಒಂದು ಸಂಜೆ ಅವಳು ಅಮ್ಮನಿಗೆ ಫೋನ್ ಮಾಡಿ ಒಂದು ಸುದ್ದಿ ಹೇಳಿದಳು. ಲಾಸ್ ಏಂಜಲೀಸಿನ ಗುಡ್ಡದ ಮೇಲಿನ ಒಂದು ಮ್ಯೂಸಿಯಮ್ಮಿನಲ್ಲಿ ಮುಂದಿನ ಬೇಸಿಗೆಗೆ ಒಂದು ಪ್ರದರ್ಶನ ಏರ್ಪಡಲಿದೆ. ಮಧ್ಯಯುಗದ ಯುರೋಪಿನವರು ಪ್ರಾಣಿಗಳು ಎಲ್ಲಿಂದ ಹೇಗೆ ಹುಟ್ಟುತ್ತವೆಂದು ನಂಬಿದ್ದರೋ ಅದರ ಚಿತ್ರಗಳಿರುವ ಹಳೆಯ ಪುಸ್ತಕಗಳು. ಜನರಿಗೆ ತೋರಿಸಿ ವಿವರಿಸಲು ಸ್ವಯಂಸೇವಕ ಗೈಡುಗಳು ಬೇಕಾಗಿದ್ದಾರೆ.

"ಚಿತ್ರದ ಬಗ್ಗೆ ನನಗೇನ್ ಗೊತ್ತೈತಿ?" ಎಂದರು ಲೀಲಾ.

"ಅಮ್ಮಾ, ಇಟ್ಸ್ ಆಲ್ ಅನಿಮಲ್ಸ್. ಜಸ್ಟ್ ಅಪ್ಲೈ. ಹೋದ ಸಲ ಬಂದಾಗ ಯು ಲೆಕ್ಚರ್ಡ್ ಮೈ ಹೌಸ್‌ಪ್ಲಾಂಟ್ಸ್."

ಅಪ್ಲೈ ಮಾಡಿದರು. ಅಲ್ಲಿಯವರೆಗೆ ಇಂಡಿಯನ್ ಅಂಗಡಿಯಾಚೆಗೆ ಕಾರು ಓಡಿಸದಿದ್ದ ಲೀಲಾ, ಎರಡು ಗಂಟೆಯ ಫ್ರೀವೇ ಹಾದಿಯನ್ನು ಕಲಿತರು. ಪಕ್ಕದ ಸೀಟಿನಲ್ಲಿ ಕೂತ ನಂಜುಂಡಪ್ಪನವರು ಮೊದಲ ತಿಂಗಳು ಕಣ್ಣು ಮುಚ್ಚಿಕೊಂಡೇ ದಾರಿ ಹೇಳಿದರೆಂದು ಕೇಳಿದ್ದೇನೆ. ಶುಕ್ರವಾರ ಸಂಜೆ ಹೋಗಿ ಮಗಳ ಮನೆಯಲ್ಲಿ ಮಲಗುವುದು, ಶನಿವಾರ ತರಬೇತಿ, ಮತ್ತೆ ವಾಪಸ್ಸು. ತರಬೇತಿ ಕೊಡುತ್ತಿದ್ದವರು ಡೊಲೊರೆಸ್ ಎಂಬ ನಿವೃತ್ತ ಲೈಬ್ರೇರಿಯನ್. ಬೆಳ್ಳಗಿನ ಜಡೆಯ, ಕಡಿಮೆ ಮಾತಿನ, ಸದಾ ಪೆನ್ ಹಿಡಿದಿರುವ ಹೆಂಗಸು. ನಿಯಮ ಸರಳವಾಗಿತ್ತು. ಪ್ರತಿಯೊಬ್ಬರಿಗೂ ಮೂರು ಅವಕಾಶ. ಮೂರರಲ್ಲಿ ಒಮ್ಮೆಯಾದರೂ ಡೊಲೊರೆಸ್ ಎದುರು ಜನರಿಗೆ ಸರಿಯಾಗಿ ಪ್ರದರ್ಶನ ತೋರಿಸಿದರೆ ಎದೆಗೆ ಬ್ಯಾಡ್ಜ್. ಇಲ್ಲದಿದ್ದರೆ ಧನ್ಯವಾದ ಪತ್ರ.

ನಂಜುಂಡಪ್ಪನವರು ಒಮ್ಮೆ ನನ್ನ ಬಳಿ ಹೇಳಿದರು: "ಸಂಬಳ ಇಲ್ರಿ, ಏನಿಲ್ರಿ. ಆದರ ಆಕಿಗೆ ಆ ಬ್ಯಾಡ್ಜ್ ಬೇಕು. ಹನ್ನೊಂದು ವರ್ಷಾತು, ಒಬ್ಬರಾದರೂ ಟೀಚರ್ ಅಂತ ಕರದಿಲ್ಲ ಅಕಿನ್ನ."

ಇನ್ನು ಆ ನಂಬಿಕೆಗಳ ವಿಚಾರ. ಕರಡಿಮರಿ ಹುಟ್ಟುವಾಗ ಕಣ್ಣು ಮೂಗಿಲ್ಲದ ಮಾಂಸದ ಮುದ್ದೆಯಂತೆ. ತಾಯಿ ನೆಕ್ಕಿ ನೆಕ್ಕಿ ಅದಕ್ಕೆ ಆಕಾರ ಕೊಡುತ್ತಾಳಂತೆ. ಜೇನುಹುಳ ಹುಟ್ಟುವುದು ಸತ್ತ ಎತ್ತಿನ ದೇಹದಿಂದ. ಎಲ್ಲಕ್ಕಿಂತ ಸೊಗಸಾದದ್ದು ಹೆಬ್ಬಾತು. ಯುರೋಪಿನ ಕರಾವಳಿಗೆ ಚಳಿಗಾಲದಲ್ಲಿ ಒಂದು ಜಾತಿಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಅವುಗಳ ಗೂಡನ್ನು, ಮೊಟ್ಟೆಯನ್ನು, ಮರಿಯನ್ನು ಅಲ್ಲಿನವರು ಯಾರೂ ಕಂಡವರಿಲ್ಲ. ಅದೇ ಸಮುದ್ರದಲ್ಲಿ ತೇಲಿ ಬರುವ ಮರದ ದಿಮ್ಮಿಗಳಿಗೆ ಒಂದು ಬಗೆಯ ಚಿಪ್ಪು ಅಂಟಿಕೊಂಡಿರುತ್ತಿತ್ತು. ಉದ್ದನೆಯ ಕೊರಳು, ಕೊಕ್ಕಿನಂಥ ಬಾಯಿ, ಒಳಗೆ ಗರಿಯಂಥ ಎಳೆ. ಸರಿ, ಹೆಬ್ಬಾತು ಮರದಲ್ಲಿ ಬಿಡುತ್ತದೆ ಎಂದು ತೀರ್ಮಾನವಾಯಿತು. ಮೊಟ್ಟೆಯಿಂದ ಹುಟ್ಟದ್ದು ಮಾಂಸವಲ್ಲವೆಂದು ಕೆಲವು ಪಾದ್ರಿಗಳು ಉಪವಾಸದ ದಿನವೂ ಅದನ್ನು ನಿಶ್ಚಿಂತೆಯಿಂದ ತಿಂದರು.

ಮೊದಲ ಪರೀಕ್ಷೆ 2019ರ ಫೆಬ್ರವರಿಯಲ್ಲಿ. ಪ್ರದರ್ಶನ ಇನ್ನೂ ತೆರೆದಿರಲಿಲ್ಲವಾದ್ದರಿಂದ ಲೀಲಾ ಮರದ ಕೊಂಬೆಗಳಿಂದ ಹೆಬ್ಬಾತುಗಳು ನೇತಾಡುವ ಚಿತ್ರದ ಪ್ರತಿಯ ಮುಂದೆ ನಿಂತು, ವಿಷಯ ಹೇಳಿ, "ದಿಸ್ ಈಸ್ ರಾಂಗ್" ಎಂದರು. ಕರಡಿಯ ಮುಂದೆ "ದಿಸ್ ಈಸ್ ಆಲ್ಸೊ ರಾಂಗ್" ಎಂದರು. ಎತ್ತಿನ ಮುಂದೆ ಬಂದಾಗ ಬರೀ ತಲೆ ಅಲ್ಲಾಡಿಸಿದರು. ಡೊಲೊರೆಸ್ ಕೊನೆಯಲ್ಲಿ ಹೇಳಿದ್ದರ ಸಾರಾಂಶವಿಷ್ಟು: "ನೀವು ಅವರ ಉತ್ತರಪತ್ರಿಕೆ ತಿದ್ದುತ್ತಿದ್ದೀರಿ. ಅವರು ತೀರಿಕೊಂಡು ಎಂಟುನೂರು ವರ್ಷವಾಯಿತು."

ಎರಡನೆಯದು ಏಪ್ರಿಲಿನಲ್ಲಿ. ಈ ಸಲ ಲೀಲಾ ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಬಳಸಿದ ಆಯುಧವನ್ನೇ ಹೊರತೆಗೆದರು. ಇಪ್ಪತ್ತೆರಡು ಪುಟ ಬರೆದು, ಅಲ್ಪವಿರಾಮ ಸಹಿತ ಬಾಯಿಪಾಠ. ಬೆಳಗಿನ ವಾಕಿಂಗಿನಲ್ಲಿ ಆಕೆ ತುಟಿಯಾಡಿಸುತ್ತ ಹೋಗುವುದನ್ನು ನೋಡಿ ಬೀದಿಯವರೆಲ್ಲ ಏನೋ ವ್ರತ ಹಿಡಿದಿದ್ದಾರೆಂದುಕೊಂಡರು. ಪರೀಕ್ಷೆಯಲ್ಲಿ ನಾಲ್ಕನೇ ಪುಟದವರೆಗೆ ನೀರು ಹರಿದಂತೆ ಸಾಗಿತು. ಅಷ್ಟರಲ್ಲಿ ಪ್ರೇಕ್ಷಕರಾಗಿ ನಿಂತಿದ್ದ ತರಬೇತಿಯ ಜೊತೆಗಾರರಲ್ಲೊಬ್ಬರು ಆ ಕರಡಿ ಏನು ತಿನ್ನುತ್ತಿತ್ತು ಎಂದು ಕೇಳಿಬಿಟ್ಟರು. ಅದರ ಉತ್ತರ ಒಂಬತ್ತನೇ ಪುಟದಲ್ಲಿ ಬರುತ್ತದೆ, ದಯವಿಟ್ಟು ತಾಳಿ ಎಂದರು ಲೀಲಾ. ಹಾಗೆನ್ನುವಷ್ಟರಲ್ಲಿ ತಾವು ಎಲ್ಲಿದ್ದೆವೆಂಬುದೇ ಮರೆತುಹೋಯಿತು. ಬಾಯಿಪಾಠದವರಿಗೆ ನಡುವೆ ಹತ್ತಲು ನಿಲ್ದಾಣವಿಲ್ಲ, ಮೊದಲಿನಿಂದಲೇ ಹೊರಡಬೇಕು. "ಗುಡ್ ಮಾರ್ನಿಂಗ್, ರೆಸ್ಪೆಕ್ಟೆಡ್ ವಿಸಿಟರ್ಸ್" ಎಂದು ಮತ್ತೆ ಶುರು ಮಾಡಿದರು. ಹೀಗೆ ಮೂರು ಸಲ ಗುಡ್ ಮಾರ್ನಿಂಗ್ ಆದ ಮೇಲೆ ಡೊಲೊರೆಸ್ ಪೆನ್ನಿಗೆ ಮುಚ್ಚಳ ಹಾಕಿದರು.

ಉಳಿದದ್ದು ಒಂದೇ. ಜೂನಿನಲ್ಲಿ, ಪ್ರದರ್ಶನ ತೆರೆದ ಮೇಲೆ, ನಿಜವಾದ ಜನರ ಎದುರು.

ಆಗ ನಾನು ಕನ್ನಡ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಗೆ ಯಾರೂ ಕೇಳದ ಸಹಾಯ ಮಾಡುವ ಹುಮ್ಮಸ್ಸು ತಾನಾಗಿ ಬರುತ್ತದೆ. ಎದುರಿಗೆ ನಮ್ಮವರೇ ಇದ್ದರೆ ಲೀಲಾಗೆ ಧೈರ್ಯ ಬಂದೀತೆಂದು ಎಣಿಸಿ, ಪರೀಕ್ಷೆಯ ದಿನಕ್ಕೇ ಸಂಘದ ಪ್ರವಾಸ ಗೊತ್ತು ಮಾಡಿದೆ. ಇಪ್ಪತ್ತೆರಡು ಜನ, ಒಂದು ಬಸ್ಸು, ಪುಳಿಯೋಗರೆ. ಮಾಡಿ ಮುಗಿಸಿದ ಮೇಲೆ ಸಂತೋಷದ ಸುದ್ದಿಯೆಂಬಂತೆ ಆಕೆಗೆ ತಿಳಿಸಿದೆ.

ಲೀಲಾ ಕೇಳಿದರು: "ಅರವಿಂದ ಅವರ, ನಾ ಬೀಳೂದನ್ನ ನೋಡಾಕ ಬಸ್ ಮಾಡಿಸೀರೇನು?"

"ಇಲ್ಲ ಮೇಡಂ, ಸಪೋರ್ಟಿಗೆ."

"ಜಯಂತ ಅವರೂ ಬರತಾರೇನು?"

ಬರುತ್ತಿದ್ದರು. ಜಯಂತ ನಮ್ಮ ಸಂಘದ ಮಾಜಿ ಅಧ್ಯಕ್ಷರು, ಒಂದು ಕಂಪನಿಯ ವೈಸ್ ಪ್ರೆಸಿಡೆಂಟ್. ಅವರ ಈಮೇಲಿನಲ್ಲಿ ಮಾತು ಎರಡು ಸಾಲು, ಕೆಳಗಿನ ಹೆಸರು ಮತ್ತು ಪದವಿ ಏಳು ಸಾಲು. 2012ರ ಯುಗಾದಿ ಊಟಕ್ಕೆ ಕೇಕ್ ತರಬಹುದೇ, ಅದರಲ್ಲಿ ಮೊಟ್ಟೆಯಿದೆಯಲ್ಲ ಎಂಬ ವಿವಾದವೆದ್ದಾಗ ಆಹಾರ ಉಪಸಮಿತಿಯ ಅಧ್ಯಕ್ಷತೆ ವಹಿಸಿದವರು ಅವರೇ. ಮೂರು ಕಾನ್ಫರೆನ್ಸ್ ಕಾಲ್ ನಡೆಸಿ, ಕಣ್ಣಿಗೆ ಕಾಣದ ಮೊಟ್ಟೆ ಮೊಟ್ಟೆಯಲ್ಲ ಎಂಬ ತೀರ್ಪನ್ನು ಅವರು ಲಿಖಿತವಾಗಿ ಕೊಟ್ಟಿದ್ದರು. ನಾವೆಲ್ಲ ನಿಶ್ಚಿಂತೆಯಿಂದ ತಿಂದೆವು.

ಪರೀಕ್ಷೆಯ ದಿನ ಬೆಳಿಗ್ಗೆ ನಮ್ಮ ಬಸ್ಸು ಗುಡ್ಡ ತಲುಪುವಷ್ಟರಲ್ಲಿ ಲೀಲಾ ಬಾಗಿಲಲ್ಲೇ ನಿಂತಿದ್ದರು. ಇಳಕಲ್ ಸೀರೆ, ಕೈಯಲ್ಲಿ ಕಾಗದವಿಲ್ಲ. ನಮ್ಮ ಗುಂಪಿಗೆ ಅಯೋವಾ ರಾಜ್ಯದಿಂದ ಬಂದಿದ್ದ ವೃದ್ಧ ದಂಪತಿಯೂ ಸೇರಿಕೊಂಡರು. ಡೊಲೊರೆಸ್ ಎಲ್ಲರಿಗಿಂತ ಹಿಂದೆ, ಪೆನ್ನು ತೆರೆದು. ಅಮ್ಮ ನಲವತ್ತು ನಿಮಿಷದಲ್ಲಿ ಏಳು ಚಿತ್ರ ತೋರಿಸಬೇಕು, ಕನಿಷ್ಠ ಐದಾದರೂ ಆಗಲೇಬೇಕು ಎಂದು, ಅಪ್ಪನ ಜೊತೆ ಬಂದಿದ್ದ ಅಪೇಕ್ಷಾ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಉಗುರುಗಳಲ್ಲಿ ಕಚ್ಚಲು ಏನೂ ಉಳಿದಿರಲಿಲ್ಲ.

ಮೊದಲ ಚಿತ್ರ ಕುರಿಯದು. ಗಿಡವೊಂದರ ತುದಿಯಲ್ಲಿ ಹಣ್ಣಿನ ಜಾಗದಲ್ಲಿ ಕುರಿಮರಿ. ದೂರದ ದೇಶದಲ್ಲಿ ಕುರಿಗಳು ಗಿಡದಲ್ಲಿ ಬೆಳೆಯುತ್ತವೆಂದು ಅವರು ನಂಬಿದ್ದರು, ಉಣ್ಣೆ ಬಿಡುವ ಗಿಡದ ಸುದ್ದಿ ಕೇಳಿ ಹಾಗೆ ಊಹಿಸಿರಬಹುದು ಎನ್ನುತ್ತಾರೆ ಎಂದು ವಿವರಿಸಿ, "ನಮ್ಮಪ್ಪನ ಹೊಲದಲ್ಲಿ ಆ ಗಿಡ ನಾಲ್ಕು ಎಕರೆ ಇತ್ತು. ನಾವು ಅದನ್ನು ಹತ್ತಿ ಅನ್ನುತ್ತಿದ್ದೆವು" ಎಂದರು ಇಂಗ್ಲಿಷಿನಲ್ಲಿ. ಅಯೋವಾದ ಮುದುಕರು ನಕ್ಕರು. ನನಗೆ ಜೀವ ಬಂತು.

ಎರಡನೆಯದು ಹೆಬ್ಬಾತಿನ ಮರ. ಚಿಪ್ಪು, ಕೊರಳು, ಗರಿ, ಉಪವಾಸದ ದಿನದ ಊಟ, ಎಲ್ಲ ಹೇಳುತ್ತಿದ್ದರು. ಆಗ ಜಯಂತ ಗಂಟಲು ಸರಿಪಡಿಸಿಕೊಂಡರು. ಸಂಘದಲ್ಲಿ ಆ ಸದ್ದು ಕೇಳಿದರೆ ಮೈಕ್ ಹಿಡಿದವರು ತಾವಾಗಿ ಕೆಳಗಿಳಿಯುವುದು ರೂಢಿ. ಅವರು ಇಡೀ ಹಾಲಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಘೋಷಿಸಿದರು: ಇದೆಲ್ಲ ಯುರೋಪಿನವರ ಅಜ್ಞಾನ, ನಮ್ಮ ಸಂಸ್ಕೃತಿಯಲ್ಲಿ ಇಂಥ ಮೂಢನಂಬಿಕೆ ಇರಲೇ ಇಲ್ಲ, ನಮ್ಮ ಪೂರ್ವಜರು ಎಲ್ಲವನ್ನೂ ವೈಜ್ಞಾನಿಕವಾಗಿ ತಿಳಿದಿದ್ದರು.

ಡೊಲೊರೆಸ್ ಪೆನ್ನು ಕಾಗದದ ಮೇಲೆ ಬಂತು. ಲೀಲಾರ ಮುಖದಲ್ಲಿ ನಾನು ಎರಡು ಸಂಗತಿ ಕಂಡೆ. ಮೊದಲು ಕೆಂಪು ಶಾಯಿ ಬಂತು. ಬಾಯಿ 'ರಾಂಗ್' ಎನ್ನಲು ತೆರೆದು, ಮುಚ್ಚಿತು. ಆಮೇಲೆ ಇಪ್ಪತ್ತೆರಡು ಪುಟ ಬಂತು. ಕಣ್ಣು ಮೇಲಕ್ಕೆ ಹೋಗಿ ಗುಡ್ ಮಾರ್ನಿಂಗ್ ಹುಡುಕಿ, ಕೆಳಗಿಳಿಯಿತು. ನಂಜುಂಡಪ್ಪನವರು ಫ್ರೀವೇ ಮೇಲೆ ಮಾಡುತ್ತಿದ್ದಂತೆ ಕಣ್ಣು ಮುಚ್ಚಿಕೊಂಡರು.

ಲೀಲಾ ಎರಡನ್ನೂ ಮಾಡಲಿಲ್ಲ. ಜಯಂತರತ್ತ ತಿರುಗಿ ಕನ್ನಡದಲ್ಲೇ ಕೇಳಿದರು: "ಜಯಂತ ಅವರ, ನೀವು ಸಣ್ಣಾವರಿದ್ದಾಗ ಗ್ವಾಡಿ ಮ್ಯಾಲೆ ಕಣಜ ಮಣ್ಣಿನ ಗೂಡು ಕಟ್ಟೂದು ನೋಡಿರೇನು?"

"ನೋಡ್ದೇ ಏನು. ಮಂಡ್ಯದಲ್ಲಿ ನಮ್ಮಜ್ಜಿ ಮನೆ ತುಂಬಾ ಇರ್ತಿತ್ತು."

"ಅದು ಹಸಿರು ಹುಳಾ ಹಿಡಕೊಂಡು ಬಂದು ಒಳಗಿಡತಿತ್ತಲ್ಲ, ಅದಕ್ಕ ನಿಮ್ಮಜ್ಜಿ ಏನಂತಿದ್ರು?"

ಜಯಂತರನ್ನು ಎಷ್ಟೋ ವರ್ಷದಿಂದ ಯಾರೂ ಅಜ್ಜಿಯ ಬಗ್ಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಅವರ ಮುಖ ಇದ್ದಕ್ಕಿದ್ದಂತೆ ಏಳು ಸಾಲಿನಿಂದ ಒಂದು ಸಾಲಿಗೆ ಇಳಿಯಿತು. "ಕಣಜ ಮರಿ ಹಾಕಲ್ಲ ಕಣೋ ಅಂತಿದ್ರು. ಹುಳ ತಂದು ಕೂಡಾಕಿ, ಹೊರಗೆ ಕೂತು ಗುಂಯ್ ಅನ್ನುತ್ತೆ. ಒಳಗಿರೋ ಹುಳ ಅದನ್ನೇ ಕೇಳಿ ಕೇಳಿ, ಅದನ್ನೇ ನೆನೆಸಿ ನೆನೆಸಿ ಕಣಜ ಆಗೋಗುತ್ತೆ ಅಂತ." ಹೇಳಿ ಮುಗಿಸಿ ಅವರು ಮರದ ಮೇಲಿನ ಹೆಬ್ಬಾತನ್ನು ನೋಡಿದರು. ಹೆಬ್ಬಾತು ಅವರನ್ನು ನೋಡಿತು. "ಓ," ಎಂದರು ಜಯಂತ.

ಲೀಲಾ ಅದನ್ನು ಅಷ್ಟೂ ಅಯೋವಾದವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅಣಕವಿಲ್ಲದೆ, ಜಯಂತರ ಅಜ್ಜಿ ಯಾವುದೋ ವಿಶ್ವವಿದ್ಯಾಲಯದ ಪ್ರೊಫೆಸರ್ ಎಂಬಂತೆ ಹೇಳಿದರು. ಆಮೇಲೆ ಕಟ್ಟೆಯೊಡೆಯಿತು. ಸಗಣಿಯಲ್ಲಿ ಚೇಳು ಹುಟ್ಟುತ್ತದೆಂದು ನಮ್ಮ ಕಡೆ ಹೇಳುತ್ತಿದ್ದರು ಎಂದು ನಾನೇ ಕೈಯೆತ್ತಿದೆ. ಮಳೆಯ ಜೊತೆ ಮೋಡದಿಂದ ಕಪ್ಪೆ ಬೀಳುತ್ತದೆಂದಳು ರೇಖಾ. ಅಯೋವಾದ ಮುದುಕರು, ಕುದುರೆಯ ಕೂದಲು ನೀರಿನ ತೊಟ್ಟಿಗೆ ಬಿದ್ದರೆ ಹಾವಾಗುತ್ತದೆಂದು ತಮ್ಮ ಅಜ್ಜಿ ಹೇಳುತ್ತಿದ್ದರೆಂದೂ, ತಾವು ಒಂದು ಇಡೀ ಬೇಸಿಗೆ ತೊಟ್ಟಿಯ ಪಕ್ಕ ಕಾದಿದ್ದಾಗಿಯೂ ಹೇಳಿದರು. ಅವರ ಹೆಂಡತಿಗೆ ಐವತ್ತು ವರ್ಷದ ಸಂಸಾರದಲ್ಲಿ ಇದು ಗೊತ್ತೇ ಇರಲಿಲ್ಲವಂತೆ.

ಗದ್ದಲ ತುಸು ಇಳಿದಾಗ ಲೀಲಾ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು. "ಗದಗದಲ್ಲಿ ನನ್ನ ಒಂಬತ್ತನೇ ಕ್ಲಾಸಿನಲ್ಲಿ ಬಸವ್ವ ಅಂತ ಒಬ್ಬ ಹುಡುಗಿ ಇದ್ದಳು. ಕಣಜದ ಹುಟ್ಟಿನ ಬಗ್ಗೆ ಅವಳು ಪರೀಕ್ಷೆಯಲ್ಲಿ ಇದನ್ನೇ ಬರೆದಳು. ಕಣಜ ಎಷ್ಟು ಹುಳ ತರುತ್ತದೆ, ಎಷ್ಟು ದಿನಕ್ಕೆ ಗೂಡು ಒಡೆಯುತ್ತದೆ, ಎಲ್ಲ ಬರೆದಿದ್ದಳು. ನಾನು ಸೊನ್ನೆ ಹಾಕಿದೆ. ಸರಿಯಾದ ಉತ್ತರ ನನಗೆ ಗೊತ್ತಿತ್ತು: ಕಣಜ ಗೂಡಿನೊಳಗೆ ಮೊಟ್ಟೆ ಇಡುತ್ತದೆ, ಮರಿ ಹೊರಬಂದು ಆ ಹುಳವನ್ನು ತಿಂದು ಬೆಳೆಯುತ್ತದೆ. ನಾನದನ್ನು ಪುಸ್ತಕದಲ್ಲಿ ಓದಿದ್ದೆ. ಅವಳು ಹದಿನೈದು ದಿನ ಕಿಟಕಿಯ ಪಕ್ಕ ನಿಂತು ನೋಡಿದ್ದಳು. ಹುಳ ಒಳಗೆ ಹೋದದ್ದು ನಿಜ, ಕಣಜ ಹೊರಗೆ ಬಂದದ್ದು ನಿಜ. ನಡುವೆ ಮಣ್ಣಿನ ಗೋಡೆ ಇತ್ತು. ಈ ಚಿತ್ರ ಬರೆದವರಿಗೂ ನಡುವೆ ಒಂದು ಸಮುದ್ರ ಇತ್ತು. ಹೆಬ್ಬಾತು ಅದರ ಆಚೆ, ಉತ್ತರದ ಹಿಮದಲ್ಲಿ ಮೊಟ್ಟೆ ಇಡುತ್ತಿತ್ತು. ಕಣ್ಣು ಹೋಗದ ಕಡೆಗೆ ಇವರು ಕತೆಯನ್ನು ಕಳಿಸಿದರು. ಇವತ್ತಾದರೆ ಬಸವ್ವನಿಗೆ ಹತ್ತಕ್ಕೆ ಏಳು ಕೊಡುತ್ತಿದ್ದೆ."

"ಎಂಟು ಕೊಡಿ ಮೇಡಂ," ಎಂದರು ಜಯಂತ ಹಿಂದಿನಿಂದ ಕನ್ನಡದಲ್ಲಿ.

"ಏಳೇ. ಡಯಾಗ್ರಾಂ ತಗದಿರಲಿಲ್ಲ ಆಕಿ."

ಎಲ್ಲರೂ ನಕ್ಕರು, ಯಾಕೆಂದು ತಿಳಿಯದ ಡೊಲೊರೆಸ್ ಕೂಡ. ಮೂರನೆಯ ಚಿತ್ರ, ಕರಡಿಯದು, ಮುಗಿಯುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಕಾವಲಿನವನು ಮುಂದಿನ ಗುಂಪು ಕಾಯುತ್ತಿದೆಯೆಂದು ಸನ್ನೆ ಮಾಡಿದ. ಏಳರಲ್ಲಿ ಮೂರು. ಕನಿಷ್ಠ ಐದು. ಅಪೇಕ್ಷಾ ನನ್ನ ತೋಳು ಹಿಡಿದಳು. ಲೀಲಾ ಲೆಕ್ಕ ಹಾಕಿದ್ದು ಆಗಲೇ ಇರಬೇಕು. ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡು, ರಿಸಲ್ಟ್ ಬೋರ್ಡಿನ ಮುಂದೆ ನಿಂತ ಹುಡುಗಿಯ ಹಾಗೆ ನಿಂತರು.

ಡೊಲೊರೆಸ್ ತಮ್ಮ ಕಾಗದವನ್ನು ಲೀಲಾಗೆ ತೋರಿಸಿದರು. ಮೊದಲ ಹತ್ತು ನಿಮಿಷದ ಟಿಪ್ಪಣಿಯಿತ್ತು, ಆಮೇಲೆ ಖಾಲಿ. "ನೀವು ಮೂರೇ ಚಿತ್ರ ತೋರಿಸಿದಿರಿ. ನಿಯಮದ ಪ್ರಕಾರ ಸಾಲದು," ಎಂದರು ಆಕೆ ಇಂಗ್ಲಿಷಿನಲ್ಲಿ. "ಆದರೆ ನಾನು ಇಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಟೂರಿನ ನಡುವೆ ಬಾತ್‌ರೂಮಿಗೆ ಅಂತ ಹೋದವರು ಓಡುತ್ತ ವಾಪಸ್ಸು ಬಂದದ್ದನ್ನು ಇವತ್ತೇ ನೋಡಿದ್ದು. ನಾನು ಬರೆಯುವುದನ್ನೂ ಮರೆತೆ. ನನ್ನ ಅಜ್ಜಿ ಹೇಳುತ್ತಿದ್ದ ಒಂದು ಕತೆ ನೆನಪಾಗಿ ಕೂತುಬಿಟ್ಟೆ." ಜೇಬಿನಿಂದ ಬ್ಯಾಡ್ಜ್ ತೆಗೆದರು. ಅದರ ಮೇಲೆ ಲೀಲಾರ ಹೆಸರು ಮೊದಲೇ ಅಚ್ಚಾಗಿತ್ತು.

ಇಳಕಲ್ ಸೀರೆಯ ಸೆರಗಿಗೆ ಆ ಪಿನ್ ಚುಚ್ಚುವಾಗ ನಂಜುಂಡಪ್ಪನವರು ಕಣ್ಣು ತೆರೆದಿದ್ದರು. ಪಾರ್ಕಿಂಗ್ ಜಾಗದಲ್ಲಿ ಪುಳಿಯೋಗರೆ ಹಂಚುತ್ತ ನಾವು ಹಾಕಿದ ಚಪ್ಪಾಳೆಗೆ ಗುಡ್ಡದ ಮೇಲಿನ ಕಾಗೆಗಳೆಲ್ಲ ಎದ್ದವು. ಅಯೋವಾದ ದಂಪತಿಯೂ ನಮ್ಮ ಜೊತೆ ಕೂತು ಎರಡೆರಡು ಸಲ ಹಾಕಿಸಿಕೊಂಡರು. ಜಯಂತ ಮನೆಯಿಂದ ತಂದಿದ್ದ ಕೇಕಿನ ಒಂದು ತುಂಡು ಹಿಡಿದು ಲೀಲಾರ ಬಳಿ ಬಂದು, ಸುತ್ತ ಯಾರಿದ್ದಾರೆಂದು ನೋಡಿ, ಮೆಲ್ಲಗೆ ಕೇಳಿದರು: "ಮೇಡಂ, ಉಪವಾಸದಲ್ಲಿ ಹೆಬ್ಬಾತು ತಿಂದ ಆ ಪಾದ್ರಿಗಳೂ ಕಮಿಟಿ ಮಾಡಿದ್ರಾ?"

"ಗೊತ್ತಿಲ್ರಿ. ನಿಮ್ಮಷ್ಟು ಛಲೋ ಮಿನಿಟ್ಸ್ ಬರದಿರಲಿಕ್ಕಿಲ್ಲ," ಎಂದು ಲೀಲಾ ಕೇಕ್ ತೆಗೆದುಕೊಂಡರು.

ಆ ಬೇಸಿಗೆ ಮುಗಿಯುವವರೆಗೆ ಲೀಲಾ ಮೂವತ್ತೊಂದು ಟೂರ್ ಮಾಡಿದರು. ಅದರಲ್ಲಿ ಒಂಬತ್ತು ಶಾಲೆಯ ಮಕ್ಕಳದು. ಆ ಮಕ್ಕಳು, ಇಲ್ಲಿನ ವಾಡಿಕೆಯಂತೆ, ಹೆಸರು ನೆನಪಾಗದೆ ಕೈಯೆತ್ತಿ "ಟೀಚರ್" ಎಂದೇ ಕರೆದರಂತೆ. ಹಲ್ಲಿನ ಡಾಕ್ಟರ ಫಾರ್ಮಿನಲ್ಲಿ ಆ ವರ್ಷ ಆ ಗೆರೆ ತುಂಬಿತು. ಒಂದೇ ಪದ, ಬಾಣದ ಗುರುತಿಲ್ಲ.

ನವೆಂಬರಿನ ರಾಜ್ಯೋತ್ಸವಕ್ಕೆ ಸಂಘ ಆಕೆಗೆ ಸನ್ಮಾನ ಇಟ್ಟುಕೊಂಡಿತು. ಮೊದಲು ಮಾತಾಡಿದ ಜಯಂತ, ಅಂದು ತಾವು ಬೇಕೆಂದೇ ಆ ಆಕ್ಷೇಪ ಎತ್ತಿ ಲೀಲಾರೊಳಗಿನ ಶಕ್ತಿಯನ್ನು ಹೊರತೆಗೆದದ್ದಾಗಿ ತಿಳಿಸಿದರು. ಅಪೇಕ್ಷಾ ಅರ್ಜಿಯ ಕತೆ ಹೇಳಿದಳು. ನಂಜುಂಡಪ್ಪನವರು ಫ್ರೀವೇಯ ಕತೆ ಹೇಳಿದರು. ರೇಖಾ ಆ ಗ್ಯಾರೇಜಿನ ಹಲ್ಲಿಯಿಂದಲೇ ಎಲ್ಲ ಶುರುವಾದದ್ದೆಂದಳು. ಕೊನೆಗೆ ನಾನು ಎದ್ದು, ಯಾರೂ ಗಮನಿಸದೆ ಬಿಟ್ಟ ಸಂಗತಿಯೆಂದರೆ ಆ ಬಸ್ಸು, ಅದಿಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಸಭೆಯ ಗಮನಕ್ಕೆ ತಂದೆ.

ಲೀಲಾ ಶಾಲು ಹೊದ್ದು, ಎದೆಯ ಮೇಲಿನ ಬ್ಯಾಡ್ಜ್ ಶಾಲಿನಡಿ ಮರೆಯಾಗದಂತೆ ಒಮ್ಮೆ ಸರಿಪಡಿಸಿಕೊಂಡು ಮೈಕಿನ ಮುಂದೆ ಬಂದರು.

"ಖರೇ ಐತ್ರಿ," ಎಂದರು. "ನೀವೆಲ್ಲಾರೂ ಹೊರಗ ಕೂತು ಭಾಳ ಛಲೋ ಗುಂಯ್ ಅಂದ್ರಿ."